ಗುರ್ತು ಸಿಕ್ತಾ, ಮೇಡಂ?

ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ನಾನು ತಲೆ ತಗ್ಗಿಸಿಕೊಂಡೇ ನಡೆಯುತ್ತೇನೆ. ನೋಡಿದವರು, ಪಾಪ, ಎಷ್ಟು ಗಂಭೀರದ ಹೆಂಗಸು ಅಂದುಕೊಳ್ಳಬಹುದು. ನಿಜವಾದ ಕಾರಣ ಭಯ. ಯಾರಾದರೊಬ್ಬರು ಎದುರಿಗೆ ಬಂದು ನಿಂತು, ಮುಖದ ತುಂಬ ನಗು ತುಂಬಿಕೊಂಡು, 'ನಮಸ್ಕಾರ ಮೇಡಂ, ಗುರ್ತು ಸಿಕ್ತಾ?' ಎಂದು ಕೇಳಿಬಿಟ್ಟರೆ ಏನು ಗತಿ?

ಮೂವತ್ತು ವರ್ಷ ಪಾಠ ಹೇಳಿದ್ದೇನೆ. ವರ್ಷಕ್ಕೆ ನೂರು ಮಕ್ಕಳೆಂದರೂ ಮೂರು ಸಾವಿರ ಮುಖಗಳಾದವು. ಆ ಮುಖಗಳು ನಾನು ಬಿಟ್ಟಾಗ ಹೇಗಿದ್ದವೋ ಹಾಗೇ ಉಳಿದಿದ್ದರೆ ನನ್ನದೇನೂ ತಕರಾರಿಲ್ಲ. ಅವು ಮೀಸೆ ಬಿಟ್ಟುಕೊಳ್ಳುತ್ತವೆ, ದಪ್ಪಗಾಗುತ್ತವೆ, ಕಂಕುಳಲ್ಲಿ ಮಗು ಎತ್ತಿಕೊಂಡು ಬರುತ್ತವೆ. ಆಗ ನಾನು ಎಲ್ಲ ಉಪಾಧ್ಯಾಯರೂ ಹೇಳುವ ಸುಳ್ಳನ್ನೇ ಹೇಳುತ್ತೇನೆ. 'ಓಹೋ, ಸಿಗದೆ ಏನಪ್ಪಾ! ಈಗ ಎಲ್ಲಿದ್ದೀಯಾ? ಮನೇಲೆಲ್ಲ ಚೆನ್ನಾಗಿದ್ದಾರಾ?' ಈ ಎರಡು ಪ್ರಶ್ನೆಗಳು ಯಾರಿಗೆ ಬೇಕಾದರೂ ಒಪ್ಪುತ್ತವೆ. ಒಂದೇ ಒಂದು ಸಲ ಮೂರನೆಯದನ್ನು ಕೇಳಲು ಹೋಗಿ, 'ನಿಮ್ಮ ತಂದೆ ಹೇಗಿದ್ದಾರೆ?' ಎಂದುಬಿಟ್ಟೆ. ಹುಡುಗನ ತಲೆ ಬೋಳಾಗಿದ್ದದ್ದನ್ನು ನಾನು ಮೊದಲೇ ನೋಡಬೇಕಿತ್ತು.

ಇಂಥ ಸಮಯದಲ್ಲಿ ನಮ್ಮ ಕನ್ನಡ ನಮ್ಮನ್ನು ಕಾಪಾಡುತ್ತದೆ. 'ಗುರುತು ಸಿಗಲಿಲ್ಲ' ಅಂದರೆ ಆಯಿತು. ತಪ್ಪು ಗುರುತಿನದು, ನನ್ನದಲ್ಲ. ಅದು ಎಲ್ಲೋ ಹೋಗಿತ್ತು, ಸಿಗಲಿಲ್ಲ, ನಾನೇನು ಮಾಡಲಿ? ಸಿಕ್ಕಾಗಲೂ ಹಾಗೆಯೇ, 'ನನಗೆ ಗುರುತು ಸಿಕ್ಕಿತು'. ನನ್ನ ಪ್ರಯತ್ನ ಏನೂ ಇಲ್ಲ, ರಸ್ತೆಯಲ್ಲಿ ನಾಲ್ಕಾಣೆ ಸಿಕ್ಕಿದ ಹಾಗೆ. ಇಂಗ್ಲಿಷಿನಲ್ಲಿ ಈ ರಿಯಾಯಿತಿ ಇಲ್ಲ. 'ಐ ಡಿಡ್ ನಾಟ್ ರೆಕಗ್ನೈಸ್ ಯೂ' ಎಂದಾಗ ಕರ್ತೃ ನಾನೇ, ಸಿಕ್ಕಿಬಿದ್ದವಳೂ ನಾನೇ.

ಇಂಗ್ಲಿಷ್ ಪಾಠ ಹೇಳುವವಳಾದ್ದರಿಂದ ಈ 'ರೆಕಗ್ನೈಸ್' ಎಂಬ ಕ್ರಿಯಾಪದದೊಂದಿಗೆ ನನಗೆ ಹಳೆಯ ಜಗಳವಿದೆ. ನಮ್ಮ ಮಕ್ಕಳು ಅದನ್ನು ಮೊದಲು ಬಳಸುವುದೇ ತಪ್ಪಾಗಿ: 'ಐ ಆಮ್ ನಾಟ್ ರೆಕಗ್ನೈಸಿಂಗ್ ಯೂ.' ಗುರುತು ಸಿಗುತ್ತಾ ಇಲ್ಲ ಎಂಬುದನ್ನು ಹಾಗೇ ಎತ್ತಿ ಅಲ್ಲಿ ಇಟ್ಟಿರುತ್ತಾರೆ. ಈ ಅರ್ಥದಲ್ಲಿ ಈ ಪದಕ್ಕೆ 'ಇಂಗ್' ಹತ್ತುವುದಿಲ್ಲ, ನೋ, ಲವ್, ಬಿಲಾಂಗ್ ಇದ್ದ ಹಾಗೆ, ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಗುರುತು ಹಿಡಿಯುವುದು ಒಂದು ಕ್ಷಣದಲ್ಲಿ ಆಗಿಹೋಗುವ ಸಂಗತಿ. ಅನ್ನ ಬೇಯುತ್ತಾ ಇರುವ ಹಾಗೆ ಅದು ಆಗುತ್ತಾ ಇರುವುದಿಲ್ಲ. ಆಮೇಲೆ ಕಾಗುಣಿತದ ರಗಳೆ. ಎಸ್ ಹಾಕಬೇಕೋ, ಝಡ್ ಹಾಕಬೇಕೋ? ಎರಡೂ ಸರಿಯೇ. ಅಮೆರಿಕದವರು ಝಡ್ ಬರೆಯುತ್ತಾರೆ, ಆಕ್ಸ್‌ಫರ್ಡ್ ನಿಘಂಟಿಗೂ ಝಡ್ ಮೇಲೇ ಪ್ರೀತಿ. ನಮ್ಮ ಪತ್ರಿಕೆಗಳಲ್ಲಿ, ಸರ್ಕಾರದ ಕಾಗದಗಳಲ್ಲಿ ಎಸ್ ಹೆಚ್ಚು.

ಪದದ ಹುಟ್ಟು ಸ್ವಾರಸ್ಯವಾದದ್ದು. ಲ್ಯಾಟಿನ್ನಿನ 'ರಿ' ಎಂದರೆ ಮತ್ತೆ, 'ಕಾಗ್ನೋಸೆರೆ' ಎಂದರೆ ತಿಳಿ. ಮತ್ತೆ ತಿಳಿಯುವುದು. ಆ 'ಗ್ನೋ', ಇಂಗ್ಲಿಷಿನ 'ನೋ', ನಮ್ಮ ಸಂಸ್ಕೃತದ 'ಜ್ಞಾ' ಮೂರೂ ಒಂದೇ ತಾಯಿಯ ಮಕ್ಕಳು. ಆದ್ದರಿಂದ ನಮ್ಮ ಶಾಸ್ತ್ರಕಾರರು ಹೇಳುವ 'ಪ್ರತ್ಯಭಿಜ್ಞೆ' ಇದಕ್ಕೆ ತಕ್ಕ ಜೋಡಿ: ಹಿಂದೆ ಕಂಡವನನ್ನು ಈಗ ಕಂಡು, 'ಅವನೇ ಇವನು' ಎಂದುಕೊಳ್ಳುವುದು. ಆದರೆ ಆ ಮಾತನ್ನು ಒಂಬತ್ತನೇ ತರಗತಿಯಲ್ಲಿ ಹೇಳಿದರೆ ಮಕ್ಕಳು ಇಂಗ್ಲಿಷೇ ವಾಸಿ ಅಂದಾರು. ಕನ್ನಡದ 'ಗುರುತು' ಬೇರೆ ದಾರಿಯಿಂದ ಬಂದದ್ದು. ಕುರುಹು, ಗುರಿ, ಗುರುತು ಎಲ್ಲ ಒಂದೇ ಬಳಗ. ಅಂದರೆ ಕನ್ನಡದವನಿಗೆ ಮೊದಲು ಒಂದು ಚಿಹ್ನೆ ಬೇಕು. ಕೆನ್ನೆಯ ಮೇಲೊಂದು ಮಚ್ಚೆಯೋ, ಹುಬ್ಬಿನಲ್ಲೊಂದು ಗಾಯದ ಕಲೆಯೋ, ಬೆರಳಲ್ಲೊಂದು ಉಂಗುರವೋ. ಲಂಕೆಯಲ್ಲಿ ಹನುಮಂತ ರಾಮನ ಉಂಗುರವನ್ನು ತೆಗೆದು ತೋರಿಸಿದ; ಸೀತೆ ಚೂಡಾಮಣಿಯನ್ನು ಕೊಟ್ಟು ಕಳಿಸಿದಳು.

ಉಂಗುರ ಎಂದ ಮೇಲೆ ಶಕುಂತಲೆಯನ್ನು ಬಿಡುವುದು ಹೇಗೆ? ಕಾಳಿದಾಸನ ನಾಟಕದ ಹೆಸರಿನಲ್ಲೇ 'ಅಭಿಜ್ಞಾನ' ಇದೆ. ನಮ್ಮ ಮೈಸೂರಿನ ಬಸವಪ್ಪ ಶಾಸ್ತ್ರಿಗಳು ಅದನ್ನು ಕನ್ನಡಕ್ಕೆ ತಂದು 'ಅಭಿನವ ಕಾಳಿದಾಸ' ಅನ್ನಿಸಿಕೊಂಡರು. ದೂರ್ವಾಸರ ಶಾಪ, ನೀರಿಗೆ ಬಿದ್ದ ಉಂಗುರ, ಮೀನಿನ ಹೊಟ್ಟೆ, ಇವೆಲ್ಲ ಎಲ್ಲರಿಗೂ ಗೊತ್ತು. ಪಾಪ, ದುಷ್ಯಂತನಿಗೆ ಗುರುತು ಸಿಗಲಿಲ್ಲ, ಅವನದೇನು ತಪ್ಪು ಎಂದು ನಾವೂ ಕ್ಷಮಿಸಿಬಿಡುತ್ತೇವೆ. ಆದರೆ ಮಹಾಭಾರತದ ಆದಿಪರ್ವದಲ್ಲಿರುವ ಮೂಲ ಕಥೆಯಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ಅಲ್ಲಿಯ ದುಷ್ಯಂತನಿಗೆ ಶಕುಂತಲೆಯ ನೆನಪು ಚೆನ್ನಾಗಿಯೇ ಇದೆ. ತುಂಬಿದ ಸಭೆಯಲ್ಲಿ ಮಗನನ್ನು ಮುಂದಿಟ್ಟುಕೊಂಡು ನಿಂತವಳನ್ನು ನೋಡಿ, ನೀನು ಯಾರೋ ನಾನರಿಯೆ ಎನ್ನುತ್ತಾನೆ. ಆಕಾಶವಾಣಿಯಾದ ಮೇಲೆ, ನನಗೆ ಗೊತ್ತಿತ್ತು, ಜನ ಸಂಶಯಪಟ್ಟಾರೆಂದು ಹಾಗೆ ಮಾಡಿದೆ ಎಂದು ಸಮಜಾಯಿಷಿ ಕೊಡುತ್ತಾನೆ.

ಈ 'ರೆಕಗ್ನೈಸ್' ಪದದ ಎರಡು ಮುಖ್ಯ ಅರ್ಥಗಳನ್ನು ಹೇಳಿಕೊಡಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಕಾಳಿದಾಸನ ರಾಜನಿಗೆ ಗುರುತೇ ಸಿಗಲಿಲ್ಲ. ವ್ಯಾಸರ ರಾಜ ಗುರುತು ಸಿಕ್ಕಿಯೂ ಒಪ್ಪಿಕೊಳ್ಳಲಿಲ್ಲ. ಇಬ್ಬರ ತಪ್ಪಿಗೂ ಇಂಗ್ಲಿಷಿನವನ ಬಳಿ ಇರುವುದು ಒಂದೇ ಪದ. ಕಣ್ಣು ಮಾಡುವ ಕೆಲಸವನ್ನೂ ಸಭೆಯಲ್ಲಿ ನಾಲಗೆ ಮಾಡಬೇಕಾದ ಕೆಲಸವನ್ನೂ ಅವನು ಒಂದೇ ಗಂಟಿನಲ್ಲಿ ಕಟ್ಟಿಟ್ಟಿದ್ದಾನೆ.

ನಮ್ಮ ಕಟ್ಟೆಮಳಲವಾಡಿಯಲ್ಲಿ ಈ ಎರಡನ್ನೂ ನೋಡಬೇಕಾದರೆ ಹೊಗೆಸೊಪ್ಪಿನ ಹರಾಜು ಕಟ್ಟೆಗೆ ಬರಬೇಕು. ಬೇಲಿನೊಳಕ್ಕೆ ಕೈ ಹಾಕಿ ಒಂದು ಹಿಡಿ ಸೊಪ್ಪು ಎಳೆದು, ಬೆರಳಲ್ಲಿ ಉಜ್ಜಿ ಮೂಸಿ, ಇದು ಬ್ರೈಟು, ಇದು ಮೀಡಿಯಂ, ಇದು ಲೋ ಎಂದುಬಿಡುತ್ತಾರೆ. ನಮ್ಮ ಮನೆಯವರು ಕತ್ತಲಲ್ಲೂ ಹೇಳುತ್ತಾರೆ. ಅದು ಮೊದಲನೆಯ ಅರ್ಥ. ಇನ್ನು ಒಂದೇ ಬದುವಿನ ಆಚೆ ಈಚೆ ಬೆಳೆದ ಸೊಪ್ಪು, ಒಂದೇ ಬಣ್ಣ, ಒಂದೇ ಘಾಟು; ಆದರೆ ಒಬ್ಬನಿಗೆ ಪರವಾನಗಿ ಇದೆ, ಇನ್ನೊಬ್ಬನಿಗೆ ಇಲ್ಲ. ಎರಡನೆಯವನ ಸೊಪ್ಪು ಎಷ್ಟೇ ಬ್ರೈಟಾಗಿದ್ದರೂ ಕಾಗದದ ಕಣ್ಣಿಗೆ ಅವನು ಬೆಳೆಗಾರನೇ ಅಲ್ಲ. ಅದು ಎರಡನೆಯ ಅರ್ಥ. ಶಾಲೆಗಳಿಗೆ ಮಾನ್ಯತೆ ಎನ್ನುತ್ತೇವಲ್ಲ, ಅದೂ ಇದೇ. 1971ರ ಡಿಸೆಂಬರ್ 6ರಂದು ಭಾರತ ಬಾಂಗ್ಲಾದೇಶವನ್ನು ಮಾನ್ಯ ಮಾಡಿತು ಎನ್ನುವುದೂ ಇದೇ.

ಇಷ್ಟೆಲ್ಲ ತಿಳಿದವಳೆಂಬ ಜಂಬ ನನಗಿತ್ತು. ಅದನ್ನು ಇಳಿಸಿದವನ ಕಥೆಗೆ ಬರುತ್ತೇನೆ.

ಹೋದ ಮಳೆಗಾಲದ ಒಂದು ಭಾನುವಾರ. ಲಕ್ಷ್ಮಣತೀರ್ಥ ಕೆಂಪಗೆ ತುಂಬಿ ಕಟ್ಟೆಯ ಮೇಲೆ ಹರಿಯುತ್ತಿತ್ತು. ಊರಿನ ಅರ್ಧ ಜನ ಅದನ್ನು ನೋಡಲು ಹೋಗಿದ್ದರು. ನಾನು ಜಗಲಿಯಲ್ಲಿ ಕೂತು ಅವರೆಕಾಳು ಆರಿಸುತ್ತಿದ್ದೆ. ಗೇಟಿನ ಹತ್ತಿರ ಒಬ್ಬಾತ ನಿಂತ. ನಲವತ್ತರ ಹತ್ತಿರದ ವಯಸ್ಸು, ಗುಂಗುರು ಕೂದಲು, ಎದೆಗೆ ಒತ್ತಿ ಹಿಡಿದ ಒಂದು ಪ್ಲಾಸ್ಟಿಕ್ ಚೀಲ.

'ನಮಸ್ಕಾರ ಮೇಡಂ. ಗುರ್ತು ಸಿಕ್ತಾ?'

'ಓಹೋ, ಸಿಗದೆ ಏನಪ್ಪಾ! ಈಗ ಎಲ್ಲಿದ್ದೀಯಾ?'

ಅವನು ನಕ್ಕ. 'ಸಿಗಲಿಲ್ಲ ಬುಡಿ ಮೇಡಂ. ಪರ್ವಾಗಿಲ್ಲ' ಎಂದು ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕೂತ. ಒಳಗೆ ಬಾ ಎಂದರೂ ಬರಲಿಲ್ಲ. ಯಾವ ಶಾಲೆ, ಯಾವ ವರ್ಷ ಎಂದು ಹೇಳಿದ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಕಾಡಿನಂಚಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಜೇನುಕುರುಬರ ಹಾಡಿಗಳಿಂದ ಏಳೆಂಟು ಮಕ್ಕಳು ಬರುತ್ತಿದ್ದರು. ಕಾಫಿ ಹಣ್ಣು ಕೀಳುವ ಕಾಲಕ್ಕೆ ಅಪ್ಪ ಅಮ್ಮನ ಜೊತೆ ಕೊಡಗಿಗೆ ಹೋದವರು ಎಷ್ಟೋ ಸಲ ತಿರುಗಿ ಬರುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ನಾನು ಅವರ ಹೆಸರಿನ ಮುಂದೆ ಸಾಲಾಗಿ 'ಗೈ' 'ಗೈ' ಎಂದು ಬರೆದು ಸುಮ್ಮನಾಗುತ್ತಿದ್ದೆ. ಇವನು ಅವರಲ್ಲೊಬ್ಬ ಎಂಬಷ್ಟು ತಿಳಿಯಿತು. ಮುಖ ಮಾತ್ರ ನೆನಪಿಗೆ ಬರಲೊಲ್ಲದು.

ಈಗ ಅವನು ಹಾಡಿಯ ಅರಣ್ಯ ಹಕ್ಕು ಸಮಿತಿಯಲ್ಲಿದ್ದಾನಂತೆ. ಚೀಲದಿಂದ ಒಂದು ಕಟ್ಟು ಕಾಗದ ತೆಗೆದ. 2006ರ ಅರಣ್ಯ ಹಕ್ಕು ಕಾಯ್ದೆ, ಒಂದು ಪ್ರತಿ ಕನ್ನಡದಲ್ಲಿ, ಒಂದು ಇಂಗ್ಲಿಷಿನಲ್ಲಿ.

'ಮೇಡಂ, ಒಂದೇ ಒಂದು ಪದ ಕೇಳಾಕೆ ಬಂದೆ. ಮೀಟಿಂಗ್‌ನಾಗೆ ಎಲ್ರೂ ಸರ್ಕಾರ ನಿಮಗೆ ಹಕ್ಕು ಕೊಡ್ತದೆ, ಕೊಡ್ತದೆ ಅಂತಾರೆ. ಕೊಡಾದು ಅಂದ್ರೆ ಅದು ಅವರ್ದು ಅಂತ ಆಯ್ತಲ್ವಾ? ಮಸಣ ನಮ್ದು, ದೇವರ ಜಾಗ ನಮ್ದು. ನಮ್ದನ್ನ ನಮಗೆ ಹೆಂಗೆ ಕೊಡ್ತಾರೆ? ಈ ಇಂಗ್ಲಿಷ್‌ನಾಗೆ ಏನು ಬರ್ದದೆ, ನೀವೇ ಓದಿ ಹೇಳಿ.'

ಕನ್ನಡಕ ಹಾಕಿಕೊಂಡು ಓದಿದೆ. ಮೊದಲ ಸಾಲಿನಲ್ಲೇ ನನ್ನ ಹಳೆಯ ಶತ್ರು ಕೂತಿತ್ತು: 'ರೆಕಗ್ನೈಸ್ ಅಂಡ್ ವೆಸ್ಟ್.' ವೆಸ್ಟ್ ಎಂದರೆ ಬನೀನು ಎಂದಷ್ಟೇ ಓದಿಕೊಂಡವರಿಗೆ ಗಾಬರಿಯಾದೀತು. ಇಲ್ಲಿ ಅದಕ್ಕೆ ಹಕ್ಕನ್ನು ಒಬ್ಬರಲ್ಲಿ ನೆಲೆಗೊಳಿಸುವುದು ಎಂದರ್ಥ. ಕೊಡು ಎನ್ನಲು ಇಂಗ್ಲಿಷಿನಲ್ಲಿ 'ಗಿವ್' ಇದೆ, 'ಗ್ರ್ಯಾಂಟ್' ಇದೆ. ಕಾಯ್ದೆ ಬರೆದವರು ಮುನ್ನುಡಿಯಲ್ಲಿ ಅವೆರಡನ್ನೂ ಬಿಟ್ಟು 'ರೆಕಗ್ನೈಸ್' ಎಂದು ಬರೆದಿದ್ದಾರೆ. ತಲೆಮಾರುಗಳಿಂದ ಕಾಡಿನಲ್ಲಿದ್ದವರ ಹಕ್ಕನ್ನು ಯಾರೂ ದಾಖಲು ಮಾಡಲಿಲ್ಲ, ಅದು ಅವರಿಗಾದ ಅನ್ಯಾಯ ಎಂಬುದನ್ನೂ ಅದೇ ಮುನ್ನುಡಿ ಒಪ್ಪಿಕೊಳ್ಳುತ್ತದೆ. ಹಕ್ಕು ಮೊದಲೇ ಇತ್ತು. ಕಾಯ್ದೆ ಈಗ ಅದನ್ನು ಕಂಡು 'ಅದೇ ಇದು' ಎನ್ನುತ್ತಿದೆ.

ಹಾಗಾದರೆ ಈ 'ಕೊಡು' ಎಲ್ಲಿಂದ ಬಂತು? ಕನ್ನಡ ಪ್ರತಿಯನ್ನು ನೋಡಿದೆ. ಅಲ್ಲಿ 'ಮಾನ್ಯತೆ' ಎಂದಿದೆ. ಪದವೇನೋ ಸರಿಯೇ. ಆದರೆ ನಮ್ಮ ಭಾಷೆಯಲ್ಲಿ ಮಾನ್ಯತೆ ಒಂಟಿಯಾಗಿ ಓಡಾಡುವುದಿಲ್ಲ, ಬೆನ್ನಿಗೊಂದು 'ಕೊಡು', 'ನೀಡು' ಕಟ್ಟಿಕೊಂಡೇ ಬರುತ್ತದೆ. ಮಾನ್ಯತೆ ಕೊಟ್ಟರು, ಮನ್ನಣೆ ನೀಡಿದರು. ಅಷ್ಟಾದ ಮೇಲೆ ಹಕ್ಕುಪತ್ರವನ್ನು 'ವಿತರಿಸು'ವುದಕ್ಕೆ ಎಷ್ಟು ಹೊತ್ತು? ಶಾಮಿಯಾನ, ಹಾರ, ಕೈ ಚಾಚಿದವರು, ಕೈ ಎತ್ತಿ ಕೊಡುವವರು. ಯಾರ ಕೆಟ್ಟ ಬುದ್ಧಿಯೂ ಇಲ್ಲದೆ, ಬರೀ ಒಂದು ಸಹಾಯಕ ಕ್ರಿಯಾಪದದಿಂದ ಇಷ್ಟೂ ಆಗಿಹೋಗಿದೆ. 2008ರಲ್ಲಿ ಕೇಂದ್ರ ಸರ್ಕಾರ ಕನ್ನಡವನ್ನು ಶಾಸ್ತ್ರೀಯ ಭಾಷೆ ಎಂದಾಗ ನಾವು 'ಸ್ಥಾನಮಾನ ಕೊಟ್ಟರು' ಎಂದೇ ಹೇಳಿದೆವು. ಆದರೆ ಹಲ್ಮಿಡಿಯ ಕಲ್ಲನ್ನು ದೆಹಲಿಯವರು ಕೊಟ್ಟರೆಂದು ಯಾರೂ ತಿಳಿಯಲಿಲ್ಲವಲ್ಲ!

ಇದನ್ನೆಲ್ಲ ಹೇಳಿದೆ. ಅವನು ಅಲ್ಲಾಡದೆ ಕೇಳಿದ. ತರಗತಿಯಲ್ಲಿ ಯಾರೂ ನನ್ನ ಮಾತನ್ನು ಹಾಗೆ ಕೇಳಿದ್ದಿಲ್ಲ. ಕೊನೆಗೆ, 'ಹಂಗಾದ್ರೆ ಅವರು ನೋಡಿ ಹೌದು ಅನ್ಬೇಕು, ಅಷ್ಟೇಯಾ' ಅಂದ.

ಅಷ್ಟೇ ಎನ್ನುವುದು ಸುಲಭ. ಆ 'ಹೌದು' ಬರುವ ದಾರಿಯನ್ನು ಅವನೇ ನನಗೆ ವಿವರಿಸಿದ. ಅರ್ಜಿ ಮೊದಲು ಗ್ರಾಮಸಭೆಯ ಮುಂದೆ ಬರಬೇಕು, ಆಮೇಲೆ ಉಪವಿಭಾಗದ ಸಮಿತಿ, ಕೊನೆಗೆ ಜಿಲ್ಲಾ ಸಮಿತಿ. 2005ರ ಡಿಸೆಂಬರ್ 13ಕ್ಕೆ ಮೊದಲೇ ನೆಲ ಅವರ ಅನುಭವದಲ್ಲಿರಬೇಕು. ಉಳುಮೆಯ ನೆಲಕ್ಕೆ ನಾಲ್ಕು ಹೆಕ್ಟೇರಿನ ಮಿತಿ. ಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಇರಬೇಕು, ಮಾರುವಂತಿಲ್ಲ. ವಿಚಾರಣೆ ಮುಗಿಯುವವರೆಗೆ ಎಬ್ಬಿಸುವಂತಿಲ್ಲ. ಸಾಕ್ಷಿಗೆ ಬರೀ ಕಾಗದವೇ ಆಗಬೇಕೆಂದಿಲ್ಲ. ಹಳೆಯ ಬಾವಿ, ಮಸಣ, ದೇವರ ಜಾಗ, ಹಿರಿಯರ ಬಾಯಿಮಾತನ್ನು ಬರೆದುಕೊಂಡ ಹೇಳಿಕೆ, ಇವೂ ನಡೆಯುತ್ತವೆ. ನನಗೆ ಇದು ಬಹಳ ಹಿಡಿಸಿತು. ಕುರುಹು ಇಲ್ಲದೆ ಗುರುತಿಲ್ಲ ಎಂಬ ಕನ್ನಡದ ನ್ಯಾಯ ನಿಯಮಾವಳಿಯೊಳಕ್ಕೂ ಹೊಕ್ಕಿದೆ.

'ಅದ್ಕೇ ಇನ್ನೊಂದು ಕೆಲ್ಸ ಅದೆ ಮೇಡಂ' ಎಂದು ಒಂದು ನೋಟ್‌ಬುಕ್ಕು ತೆಗೆದ. ಅವರ ಹಾಡಿಯ ಅಜ್ಜಿಯೊಬ್ಬಳ ಹೇಳಿಕೆ, ಅವನೇ ಬರೆದುಕೊಂಡದ್ದು. ಮೈಸೂರಿನ ವಕೀಲರೊಬ್ಬರು ಇಂಗ್ಲಿಷಿನಲ್ಲೂ ಒಂದು ಪ್ರತಿ ಬೇಕು ಅಂದಿದ್ದರಂತೆ. 'ನಾನೇ ಬರೀತಿದ್ದೆ. ನೀವು ಮತ್ತೆ ನಗ್ತೀರೇನೋ ಅಂತ...'

'ನಾನು ನಕ್ಕಿದ್ದೆನೇ?'

'ಅದೇ, ಲದ್ದಿ ಅಂತ ಬರ್ದಿದ್ನಲ್ಲಾ ಮೇಡಂ.'

ಆಗ ಗುರುತು ಸಿಕ್ಕಿತು. ಕೊನೆಯ ಬೆಂಚು, ಕಿಟಕಿಯ ಪಕ್ಕ. ಕೇಳಿದರೆ ಮಾತ್ರ ಮಾತನಾಡುವ, ಕೇಳಿದರೂ ಎಷ್ಟೋ ಸಲ ಮಾತನಾಡದ ಹುಡುಗ. 'ರೆಕಗ್ನೈಸ್' ಪದವನ್ನು ವಾಕ್ಯದಲ್ಲಿ ಬಳಸಿ ಎಂದು ಕೊಟ್ಟಿದ್ದೆ. ಎಲ್ಲರೂ ಗೈಡಿನಲ್ಲಿದ್ದದ್ದನ್ನೇ ಇಳಿಸಿದ್ದರು: ಗೆಳೆಯನನ್ನು ಅವನ ದನಿಯಿಂದ ಗುರುತಿಸಿದೆ ಎಂಬುದು. ಇವನೊಬ್ಬ ಬೇರೆ ಬರೆದಿದ್ದ. 'ಮೈ ಗ್ರ್ಯಾಂಡ್‌ಫಾದರ್ ರೆಕಗ್ನೈಸಸ್ ದಿ ಎಲಿಫೆಂಟ್ ಬೈ ಇಟ್ಸ್ ಲದ್ದಿ.' ನಾನು ಅದನ್ನು ಗಟ್ಟಿಯಾಗಿ ಓದಿದೆ. ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ನಕ್ಕೆ. ಲದ್ದಿಯ ಸುತ್ತ ಕೆಂಪು ಶಾಯಿಯಲ್ಲಿ ಒಂದು ಗುಂಡು ಹಾಕಿ ಪುಸ್ತಕ ಹಿಂತಿರುಗಿಸಿದೆ.

ಅದು ಆ ವರ್ಷದ ಅತ್ಯುತ್ತಮ ವಾಕ್ಯ ಎಂದು ನನಗೆ ಆಗಲೇ ಗೊತ್ತಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಕಾಲ ಸರಿಯಾಗಿತ್ತು, ಕ್ರಿಯಾಪದಕ್ಕೆ ಎಸ್ ಹತ್ತಿತ್ತು, ಅರ್ಧ ತರಗತಿಗೆ ಬಾರದ 'ಬೈ' ಸರಿಯಾದ ಜಾಗದಲ್ಲಿತ್ತು, 'ಇಟ್ಸ್' ಕೂಡ. ಬೇರೆಯವರ ಗೆಳೆಯ ಗೈಡಿನ ಗೆಳೆಯ. ಇವನ ತಾತ ನಿಜವಾದ ತಾತ. ಆನೆಯ ಮುಂಗಾಲ ಹೆಜ್ಜೆಯ ಸುತ್ತಳತೆಯನ್ನು ಎರಡು ಪಟ್ಟು ಮಾಡಿದರೆ ಅದರ ಎತ್ತರ ಸಿಗುತ್ತದೆ ಎಂದು ನಾನು ಎಷ್ಟೋ ವರ್ಷಗಳ ಮೇಲೆ ಪುಸ್ತಕದಲ್ಲಿ ಓದಿದೆ. ಆ ತಾತ ಲದ್ದಿಯ ಬಿಸಿ ನೋಡಿ ಆನೆ ಎಷ್ಟು ದೂರದಲ್ಲಿದೆ ಎಂದು ಹೇಳುತ್ತಿದ್ದರಂತೆ. ಮೊಮ್ಮಗ ಮೆಟ್ಟಿಲ ಮೇಲೆ ಕೂತು ಹೇಳಿದ. ಅಂದು ನನಗೆ ಮಕ್ಕಳ ನಗು ಬೇಕಾಗಿತ್ತು. ಹೊಸ ಟೀಚರು ತಮಾಷೆಯಾಗಿದ್ದಾರೆ ಎಂಬ ಹೆಸರು ಬೇಕಾಗಿತ್ತು. ಸಭೆ ಏನಂದೀತು ಎಂದು ನೋಡಿದ ರಾಜನ ಕಥೆಯನ್ನು ಅದೇ ತರಗತಿಗೆ ಎಷ್ಟು ಸಲ ಹೇಳಿದ್ದೆನೋ! ಆ ವರ್ಷ ಕಾಫಿ ಕೆಲಸ ಮುಗಿದ ಮೇಲೆ ಹುಡುಗ ಬರಲಿಲ್ಲ. ಅದಕ್ಕೆ ನೂರು ಕಾರಣ ಇದ್ದೀತು. ನನ್ನ ಕೆಂಪು ಗುಂಡು ಅದರಲ್ಲಿ ಎಷ್ಟನೆಯದೋ, ಅವನನ್ನು ಕೇಳುವ ಧೈರ್ಯ ನನಗಾಗಲಿಲ್ಲ.

'ವಾಕ್ಯ ಸರಿಯಾಗಿತ್ತು ಕಣಪ್ಪ' ಎಂದೆ. 'ಅಂದೇ ಹೇಳಬೇಕಾಗಿತ್ತು.'

'ನಂಗೊತ್ತಿತ್ತು ಬುಡಿ' ಅಂದ.

ಒಳಗೆ ಹೋಗಿ ಕಾಫಿ ತಂದೆ. ಬಿಳಿ ಹಾಳೆ ತೆಗೆದುಕೊಂಡು ಕೂತೆವು. ಅವನು ಒಂದೊಂದೇ ಸಾಲು ಓದುವುದು, ನಾನು ಇಂಗ್ಲಿಷಿನಲ್ಲಿ ಬರೆಯುವುದು. ಅಜ್ಜಿ ತನ್ನ ಅತ್ತೆಯನ್ನು ಎಲ್ಲಿ ಮಣ್ಣು ಮಾಡಿದರು, ಅದಕ್ಕೂ ಮೊದಲು ಯಾರನ್ನು, ಅವರ ಪಕ್ಕದಲ್ಲಿ ಯಾರನ್ನು ಎಂದು ಹೇಳಿದ್ದಳು. ಈಗ ಅಲ್ಲಿ ಲಂಟಾನ ಬೆಳೆದಿದೆ, ಆದರೂ ದೊಡ್ಡ ಮತ್ತಿ ಮರದಿಂದ ಜಾಗ ಗುರುತು ಹಿಡಿಯುತ್ತೇವೆ ಎಂದಿದ್ದಳು. 'ವಿ ರೆಕಗ್ನೈಸ್ ದಿ ಪ್ಲೇಸ್ ಬೈ' ಎಂದು ಬರೆದು ಪೆನ್ನು ನಿಂತಿತು. ಮತ್ತಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ? ನಿಘಂಟು ತರಲು ಎದ್ದೆ.

'ಮತ್ತಿ ಅಂತ್ಲೇ ಇರ್ಲಿ ಮೇಡಂ.'

ಮತ್ತಿ ಎಂದೇ ಬರೆದೆ. ಎರಡು ಪುಟವಾಯಿತು. ಅವನು ಹಾಳೆ ತೆಗೆದುಕೊಂಡು ಮೊದಲಿನಿಂದ ಒಂದೊಂದೇ ಪದದ ಮೇಲೆ ಬೆರಳಿಟ್ಟು ಓದಿ, ಒಂದು ಕಡೆ ನಿಂತ.

'ಇಲ್ಲಿ ಎಸ್ ಹಾಕಿದ್ದೀರಲ್ಲ. ಝಡ್ ಅಲ್ವಾ?'

'ಎರಡೂ ನಡೆಯುತ್ತೆ.'

'ಕಾನೂನ್‌ನಾಗೆ ಏನದೆ?'

ಇಬ್ಬರೂ ಕಾಯ್ದೆಯ ಮೊದಲ ಪುಟ ತೆಗೆದು ನೋಡಿದೆವು. ಎಸ್ ಇತ್ತು.

'ಹಂಗಾದ್ರೆ ಎಸ್ಸೇ ಇರ್ಲಿ' ಎಂದು ಹಾಳೆಗಳನ್ನು ಮಡಿಸದೆ ಹಾಗೇ ಚೀಲದೊಳಗಿಟ್ಟು, ಬಾಯಿ ಸುತ್ತಿ ಕಟ್ಟಿ, ಅಂಗಿಯೊಳಗೆ ಸೇರಿಸಿಕೊಂಡ. ಮಳೆ ಮತ್ತೆ ಹನಿಯತೊಡಗಿತ್ತು. ಹುಣಸೂರಿನ ಬಸ್ಸಿಗೆ ಇನ್ನೂ ಹತ್ತು ನಿಮಿಷವಿತ್ತು; ಕೊಡೆ ತೆಗೆದುಕೊಂಡು ಸ್ಟಾಪಿನವರೆಗೆ ಅವನ ಜೊತೆ ಹೋದೆ.